‘ಕತ್ತಲೆಯ ಯುಗ’ – ಒಂದು ಟಿಪ್ಪಣಿಯ ತಿದ್ದುಪಡಿ

ಶಾಲೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ನೆನಪುಗಳನ್ನು ಬರೆಯುವವರು ಈ ಸಂಚಿಕೆಯಲ್ಲಿ ಅನೇಕರಿರುವರು. ನಾನು ಈ ಪುಟವನ್ನು ನನ್ನದೇ ತಪ್ಪೊಂದನ್ನು ತಿದ್ದಲು ಬಳಸಿಕೊಳ್ಳುತ್ತೇನೆ.

ಒಂಬತ್ತನೆಯ ತರಗತಿಯ ಚರಿತ್ರೆಯಲ್ಲಿ ಯುರೋಪಿನ ಮಧ್ಯಯುಗ ಬಂದಾಗಲೆಲ್ಲ, ರೋಮ್ ಸಾಮ್ರಾಜ್ಯದ ಪತನದಿಂದ ಪುನರುಜ್ಜೀವನದವರೆಗಿನ ಸಾವಿರ ವರ್ಷಗಳು ಕತ್ತಲೆಯ ಯುಗ, ಆಗ ಕಲೆಯೂ ವಿದ್ಯೆಯೂ ನಶಿಸಿದ್ದವು ಎಂದು ವರ್ಷಂಪ್ರತಿ ಟಿಪ್ಪಣಿ ಬರೆಸಿದೆ. ನಿಮ್ಮಲ್ಲಿ ಹಲವರು ಅದನ್ನೇ ಬಾಯಿಪಾಠ ಮಾಡಿ ಪೂರ್ಣಾಂಕ ಪಡೆದಿದ್ದೀರಿ. ಆ ವಾಕ್ಯ ಸರಿಯಲ್ಲ.

ನಿವೃತ್ತಿಯ ಬಳಿಕ ಫ್ರಾನ್ಸಿನ ಶಾರ್ತ್ರ್ ಪಟ್ಟಣದ ಮಹಾ ಇಗರ್ಜಿಯ ಚಿತ್ರಸಂಪುಟವೊಂದು ನನ್ನ ಕೈಸೇರಿತು. 1194ರಲ್ಲಿ ಬೆಂಕಿಗೆ ಆಹುತಿಯಾದ ಆ ಕಟ್ಟಡದ ಬಹುಭಾಗವನ್ನು ಸುಮಾರು 1220ರ ಹೊತ್ತಿಗೆ ಮತ್ತೆ ಕಟ್ಟಿದರು. ಒಳಛಾವಣಿಯ ಎತ್ತರ ಸುಮಾರು 120 ಅಡಿ. ಚೂಪು ಕಮಾನುಗಳು ಛಾವಣಿಯ ಭಾರವನ್ನು ಕಂಬಗಳಿಗೆ ಇಳಿಸುತ್ತವೆ. ಹೊರಕ್ಕೆ ನೂಕುವ ಬಲವನ್ನು ಊರುಗೋಲುಗಳಂತೆ ಆತುಕೊಂಡ ಕಲ್ಲಿನ ಆಸರೆಗಳು ತಡೆಯುತ್ತವೆ. ಹೀಗೆ ಭಾರದಿಂದ ಬಿಡುಗಡೆ ಹೊಂದಿದ ಗೋಡೆಯಲ್ಲಿ ಬಣ್ಣದ ಗಾಜಿನ ಕಿಟಕಿಗಳು ತುಂಬಿಕೊಂಡವು. ಅವುಗಳಲ್ಲಿ ಸಂತರೊಡನೆ ರೊಟ್ಟಿ ಸುಡುವವರು, ಚಮ್ಮಾರರು, ಕಲ್ಲುಕುಟಿಗರು ತಮ್ಮ ಕಸುಬಿನಲ್ಲಿ ನಿರತರಾಗಿದ್ದಾರೆ. ಆ ಮಂದಿರವನ್ನು ರೂಪಿಸಿದ ಶಿಲ್ಪಿಯ ಹೆಸರು ಮಾತ್ರ ಉಳಿದಿಲ್ಲ.

ಬೆಂಕಿಯಿಂದ ಪಾರಾದ ಪಶ್ಚಿಮದ ಬಾಗಿಲಿನ ಮೇಲೆ ಏಳು ವಿದ್ಯೆಗಳ ಪ್ರತಿಮೆಗಳಿವೆ. ವ್ಯಾಕರಣವು ಒಬ್ಬ ಸ್ತ್ರೀ. ಒಂದು ಕೈಯಲ್ಲಿ ಗ್ರಂಥ, ಇನ್ನೊಂದರಲ್ಲಿ ಬೆತ್ತ. ಕಾಲ ಬಳಿ ಇಬ್ಬರು ಬಾಲಕರು. ಅವರಲ್ಲಿ ಒಬ್ಬನು ಓದುತ್ತಿರುವ ಇನ್ನೊಬ್ಬನ ಕೂದಲನ್ನು ಎಳೆಯುತ್ತಿದ್ದಾನೆ! ನಮ್ಮ ಎಂಟನೆಯ ತರಗತಿಯ ಹಿಂದಿನ ಬೆಂಚು ಕಣ್ಣಿಗೆ ಕಟ್ಟಿದಂತಾಗಿ ನಕ್ಕುಬಿಟ್ಟೆ. ಸಂಗೀತದ ಪ್ರತಿಮೆಯ ಕೆಳಗೆ ಕುಳಿತವನು ಪೈಥಾಗೊರಸನೆಂದು ವಿದ್ವಾಂಸರು ಗುರುತಿಸುತ್ತಾರೆ. ಕ್ರಿಸ್ತನಿಗಿಂತ ಐದು ಶತಮಾನ ಹಿಂದಿನ ಗ್ರೀಕನಿಗೆ ಇಗರ್ಜಿಯ ಬಾಗಿಲಿನಲ್ಲಿಯೇ ಆಸನ ಕೊಟ್ಟವರು ವಿದ್ಯೆಯ ವೈರಿಗಳಾಗಿದ್ದರೇ?

ಅದಕ್ಕೂ ನೂರು ವರ್ಷ ಮೊದಲು ಇಟಲಿಯಲ್ಲಿ ಗೀದೊ ಎಂಬ ಸನ್ಯಾಸಿ ಬಾಲಕರಿಗೆ ಹಾಡುಗಾರಿಕೆ ಕಲಿಸುತ್ತಿದ್ದನು. ಗೆರೆಗಳ ಮೇಲೆ ಸ್ವರಗಳನ್ನು ಬರೆಯುವ ಕ್ರಮವನ್ನು ವ್ಯವಸ್ಥೆಗೊಳಿಸಿ, ನಮ್ಮ ಸರಿಗಮದಂತೆ ಉತ್, ರೆ, ಮಿ, ಫಾ, ಸೋಲ್, ಲಾ ಎಂಬ ಆರು ಅಕ್ಷರಗಳನ್ನು ಬಳಕೆಗೆ ತಂದನು. ಹತ್ತು ವರ್ಷ ಹಿಡಿಯುತ್ತಿದ್ದ ವಿದ್ಯೆ ಒಂದೆರಡು ವರ್ಷಗಳಲ್ಲಿ ಸಾಧ್ಯವಾಗುವುದೆಂದು ಆತನ ವಾದ. ಸಹಸನ್ಯಾಸಿಗಳು ಅಸೂಯೆಪಟ್ಟು ಆತನು ಮಠವನ್ನು ಬಿಡುವಂತಾಯಿತು. (ಅಧ್ಯಾಪಕರ ಕೊಠಡಿಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ.)

ಆ ಕಾಲವೆಲ್ಲ ಬೆಳಕೇ ಆಗಿತ್ತೆಂದು ನಾನು ಹೇಳುತ್ತಿಲ್ಲ. ಜೀತದ ರೈತರಿದ್ದರು, ಧರ್ಮಯುದ್ಧಗಳು ನಡೆದವು, 1290ರಲ್ಲಿ ಇಂಗ್ಲೆಂಡು ಯಹೂದ್ಯರನ್ನು ಹೊರಹಾಕಿತು. ಆದರೆ ‘ಕತ್ತಲೆ’ ಎಂಬ ಮಾತನ್ನು ಚಲಾವಣೆಗೆ ತಂದವರು ಪೆಟ್ರಾರ್ಕನೂ ಅವನ ನಂತರದವರೂ. ‘ಗೋಥಿಕ್’ ಎಂಬುದೂ ಮೊದಲು ಬೈಗುಳವೇ, ಅನಾಗರಿಕರ ಶೈಲಿಯೆಂಬ ಅರ್ಥದಲ್ಲಿ. ಹಿಂದಿನವರನ್ನು ಕತ್ತಲೆಗೆ ತಳ್ಳಿದರೆ ನಮ್ಮ ದೀಪ ದೊಡ್ಡದಾಗಿ ಕಾಣುತ್ತದಲ್ಲವೇ! ನಾನಾದರೋ ಆ ಮಾತನ್ನು ಪರೀಕ್ಷಿಸದೆ ದಾಟಿಸಿದೆ. ಒಂದೇ ಸಾಲಾದುದರಿಂದ ಬರೆಸಲು ಸುಲಭವಾಗಿತ್ತು.

ಈಗ ಪಾಠ ಹೇಳುವ ಕಿರಿಯ ಮಿತ್ರರು ಆ ಸಾಲನ್ನು ಬಿಟ್ಟು, ಕೂದಲೆಳೆಯುವ ಹುಡುಗನ ಚಿತ್ರವನ್ನು ಮಕ್ಕಳಿಗೆ ತೋರಿಸಲಿ. ನನ್ನ ವಿದ್ಯಾರ್ಥಿಗಳಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ನೋಟುಪುಸ್ತಕ ಉಳಿದಿದ್ದರೆ ಆ ವಾಕ್ಯಕ್ಕೆ ಅಡ್ಡಗೆರೆ ಎಳೆಯಿರಿ. ಕೊಟ್ಟ ಅಂಕಗಳನ್ನು ಹಿಂದಕ್ಕೆ ಕೇಳುವುದಿಲ್ಲ.