ಒತ್ತು ಬೀಳುವ ತಾಣ

ವೃತ್ರಾಸುರನ ಹುಟ್ಟಿನ ಕಥೆಯನ್ನು ವಾಚಕರು ಕೇಳಿಯೇ ಇರುತ್ತಾರೆ. ಮಗನನ್ನು ಕೊಂದ ಇಂದ್ರನ ಮೇಲೆ ಸೇಡು ತೀರಿಸಿಕೊಳ್ಳಲು ಹೋಮಕ್ಕೆ ಕುಳಿತ ತ್ವಷ್ಟೃವು ‘ಇಂದ್ರಶತ್ರು’ ಎಂಬ ಸಮಾಸದ ಕೊನೆಯಲ್ಲಿ ಏರಿಸಬೇಕಾಗಿದ್ದ ಸ್ವರವನ್ನು ಮೊದಲಲ್ಲಿ ಏರಿಸಿದ. ತತ್ಪುರುಷವು ಬಹುವ್ರೀಹಿಯಾಯಿತು. ಇಂದ್ರನನ್ನು ಕೊಲ್ಲಬೇಕಾದವನು ಇಂದ್ರನಿಂದಲೇ ಸಾಯುವವನಾದ! ವ್ಯಾಕರಣವನ್ನು ಏಕೆ ಓದಬೇಕೆಂಬುದಕ್ಕೆ ಪತಂಜಲಿಯು ಕೊಡುವ ನಿದರ್ಶನಗಳಲ್ಲಿ ಇದೂ ಒಂದು.

ಅಲ್ಲಿನದು ದನಿಯ ಏರು, ಇಂಗ್ಲಿಷಿನದು ಬಲದ ಒತ್ತು. ಇಂಗ್ಲಿಷಿನ ಸಮಾಸ ವಿಶೇಷಣಗಳಲ್ಲಿ ಒತ್ತು ತಪ್ಪಿದರೆ ಯಾರ ಪ್ರಾಣವೂ ಹೋಗದು, ನಿಜ. ಆದರೆ ಚೆನ್ನಾಗಿ ಓದಿ ಬರೆಯಬಲ್ಲ ನಮ್ಮ ತರುಣನು ಮಾತಾಡಿದಾಗ ಎದುರಿನವರು ‘ಏನೆಂದಿರಿ?’ ಎನ್ನುತ್ತಾರೆ. ಎರಡು ಸಲ ಹಾಗೆ ಕೇಳಿಸಿಕೊಂಡವನು ಮೂರನೆಯ ಸಲ ಬಾಯಿ ತೆರೆಯುವುದಿಲ್ಲ. ಕನ್ನಡದ ಮೇಷ್ಟರಿಗೇಕೆ ಈ ಉಸಾಬರಿ ಎಂದರೆ, ತೊಡಕಿರುವುದು ಕನ್ನಡದ ನಾಲಗೆಯಲ್ಲಿಯೇ.

‘ಸೆಕೆಂಡ್‌ಹ್ಯಾಂಡ್’ ಎಂಬುದನ್ನೇ ನೋಡಿ. ಆಂಗ್ಲರ ಬಾಯಲ್ಲಿ ಅದು ಸೆಕ್–ಅಂಡ್–ಹ್ಯಾಂಡ್ ಎಂದು ಮೂರೇ ಉಚ್ಚಾರಾಂಶ. ವ್ಯಂಜನಾಂತವನ್ನು ಸಹಿಸದ ನಾವು ಎರಡು ಉಕಾರಗಳನ್ನು ದಾನಮಾಡಿ ‘ಸೆಕೆಂಡುಹ್ಯಾಂಡು’ ಎಂದು ಐದಾಗಿಸುತ್ತೇವೆ. ಐದಕ್ಕೂ ಸಮನಾಗಿ ಬಲವನ್ನು ಹಂಚುತ್ತೇವೆ. (ಇಂಥ ಸಮಪಾಲು ನಮಗೆ ಬೇರೆಲ್ಲಿಯೂ ಸಾಧ್ಯವಾದಂತಿಲ್ಲ.) ಒತ್ತು ಎಲ್ಲಿ? ಪುಸ್ತಕವು ಸೆಕೆಂಡ್‌ಹ್ಯಾಂಡ್ ಎಂದು ಹೇಳುವ ವಾಕ್ಯದ ಕೊನೆಯಲ್ಲಿ ಬಂದಾಗ ಮುಖ್ಯ ಒತ್ತು ‘ಹ್ಯಾಂಡ್’ ಮೇಲೆ. ‘ಸೆಕೆಂಡ್‌ಹ್ಯಾಂಡ್ ಬುಕ್’ ಎಂದಾಗಲೋ, ಅದು ಹಿಂದೆ ಸರಿದು ‘ಸೆಕ್’ ಮೇಲೆ ಕೂರುತ್ತದೆ. ‘ಹ್ಯಾಂಡ್’, ‘ಬುಕ್’ ಎಂಬ ಎರಡು ಏಟುಗಳು ಒಂದರ ಬೆನ್ನಿಗೊಂದು ಬೀಳುವುದು ಆ ಭಾಷೆಯ ಲಯಕ್ಕೆ ಒಗ್ಗದು. ‘ಓಲ್ಡ್‌ಫ್ಯಾಷನ್ಡ್’, ‘ಗುಡ್‌ಲುಕಿಂಗ್’, ನಮ್ಮ ನೀಲಾಕ್ಷನಂತೆ ಬಹುವ್ರೀಹಿಯೇ ಆದ ‘ಬ್ಲೂ-ಐಡ್’, ಇವೂ ಹೀಗೆಯೇ. ನಿಘಂಟಿನ ಗುರುತು ಬಹುಮಟ್ಟಿಗೆ ಒಂಟಿ ಪದಕ್ಕೆ ಸೇರಿದ್ದು. ನೆರೆಪದ ಬಂದಮೇಲೆ ಅದನ್ನೇ ನಂಬಿ ಕೂರಲಾಗದು.

ನಮಗಿದು ತೀರ ಅಪರಿಚಿತವೂ ಅಲ್ಲ. ‘ಕರ’ ಎಂಬಲ್ಲಿ ಕಕಾರ ಲಘು. ‘ಕಣ್ಣು’ ಎಂಬಲ್ಲಿ ಅದೇ ಕಕಾರ, ಮುಂದಿನ ಒತ್ತಕ್ಷರದ ದೆಸೆಯಿಂದ, ಗುರು. ನೆರೆಯವರು ತೂಕವನ್ನು ನಿರ್ಣಯಿಸುವ ಪಾಠ ಛಂದಸ್ಸಿನಲ್ಲಿ ಆಗಿಯೇ ಇದೆ. ನಮ್ಮ ಒತ್ತು ಕಾಗದದ ಮೇಲೆ ಕಾಣುತ್ತದೆ, ಅವರದು ಕಿವಿಗೆ ಮಾತ್ರ, ವ್ಯತ್ಯಾಸ ಅಷ್ಟೆ.

‘ಹೋಮ್‌ಸಿಕ್’, ‘ಸೀಸಿಕ್’ ಮುಂತಾದವು ಮಾತ್ರ ಹಠಮಾರಿಗಳು. ಮುಂದೆ ಯಾವ ಪದ ಬಂದರೂ ಬಾರದಿದ್ದರೂ ಅವುಗಳ ಒತ್ತು ಮೊದಲ ಉಚ್ಚಾರಾಂಶವನ್ನು ಬಿಟ್ಟು ಕದಲುವುದಿಲ್ಲ.