ತೆರಲಾಗದ ಜಾಮೀನಿಗೆ ಸಹಿ ಹಾಕಬಾರದು

2008ರ ಏಪ್ರಿಲ್ ಮೊದಲ ವಾರದಲ್ಲಿ ರುಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ ನ್ಯಾಟೋ ಒಕ್ಕೂಟದ ನಾಯಕರು ಸೇರಿದ್ದರು. ಜಾರ್ಜಿಯಾ ಮತ್ತು ಉಕ್ರೇನ್ ದೇಶಗಳಿಗೆ ಸದಸ್ಯತ್ವದ ಪೂರ್ವಸಿದ್ಧತೆಯ ಹಾದಿಯನ್ನು ತೆರೆಯಬೇಕೆಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಪಟ್ಟು ಹಿಡಿದರು. ಜರ್ಮನಿಯ ಆಂಗೆಲಾ ಮರ್ಕೆಲ್ ಮತ್ತು ಫ್ರಾನ್ಸಿನ ನಿಕೊಲಾ ಸರ್ಕೋಜಿ ಒಪ್ಪಲಿಲ್ಲ. ಕೊನೆಗೆ ಯಾರಿಗೂ ಮುಖಭಂಗವಾಗದಂತೆ ಘೋಷಣೆಯಲ್ಲಿ ಒಂದು ಮಾತನ್ನು ಸೇರಿಸಲಾಯಿತು: ಈ ಎರಡೂ ದೇಶಗಳು ಮುಂದೆ ಒಕ್ಕೂಟದ ಸದಸ್ಯರಾಗುತ್ತವೆ. ಯಾವಾಗ ಎಂಬುದಿಲ್ಲ, ಹೇಗೆ ಎಂಬುದಿಲ್ಲ, ಅದುವರೆಗೆ ಅವುಗಳ ರಕ್ಷಣೆ ಯಾರದು ಎಂಬುದೂ ಇಲ್ಲ. ನಾಲ್ಕು ತಿಂಗಳು ಕಳೆದು ಆಗಸ್ಟ್ ಬರುವಷ್ಟರಲ್ಲಿ ರಷ್ಯದ ಟ್ಯಾಂಕುಗಳು ಜಾರ್ಜಿಯಾದ ಗೋರಿ ಪಟ್ಟಣದವರೆಗೆ ಬಂದಿದ್ದವು. ಆ ಒಂದು ಮಾತಿನ ಬೆಲೆ ತೆತ್ತವರು ಅದನ್ನು ಬರೆದವರಲ್ಲ.

ಇಷ್ಟಾದರೂ ಹಳೆಯ ವಾದ ಇನ್ನೂ ನಿಂತಿಲ್ಲ. ಸಣ್ಣ ರಾಷ್ಟ್ರಗಳಿಗೆ ಒಕ್ಕೂಟದ ಬಾಗಿಲು ಸದಾ ತೆರೆದಿರಬೇಕು, ಗಡಿ ವಿವಾದವೆಂಬುದು ಅಡ್ಡಿಯಾಗಬಾರದು ಎಂದು ಬ್ರಸೆಲ್ಸ್‌ನಿಂದ ದೆಹಲಿಯವರೆಗೆ ಅಂಕಣಕಾರರು ಬರೆಯುತ್ತಲೇ ಇದ್ದಾರೆ. ಕೇಳಲು ಇದು ಉದಾರವಾದ ಮಾತು. ಆದರೆ ಪರರ ಪ್ರಾಣವನ್ನು ಪಣಕ್ಕಿಟ್ಟು ತೋರುವ ಔದಾರ್ಯವನ್ನು ಧರ್ಮವೆನ್ನಲಾಗದು. ತನ್ನ ನೆಲದ ವಿವಾದ ಜೀವಂತವಾಗಿರುವ ಸಣ್ಣ ರಾಷ್ಟ್ರವನ್ನು ಸೇನಾ ಒಕ್ಕೂಟಕ್ಕೆ ಸೇರಿಸಬಾರದು. ಸೇರಿಸುತ್ತೇವೆಂದು ಆಸೆ ಹುಟ್ಟಿಸಿ ಕಾಯಿಸುವುದಂತೂ ಅದಕ್ಕಿಂತ ದೊಡ್ಡ ತಪ್ಪು.

ಸೇನಾ ಒಕ್ಕೂಟದ ಸದಸ್ಯತ್ವವೆಂದರೆ ಮೂಲತಃ ಒಂದು ಜಾಮೀನು. 1949ರಲ್ಲಿ 12 ದೇಶಗಳು ವಾಷಿಂಗ್ಟನ್‌ನಲ್ಲಿ ಸಹಿ ಹಾಕಿದ ಒಪ್ಪಂದದಲ್ಲಿ ಇರುವುದು ಕೇವಲ 14 ವಿಧಿಗಳು. ಅವುಗಳಲ್ಲಿ ಐದನೆಯದು, ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂದು ಸಾರುತ್ತದೆ. ಆದರೆ ಅದೇ ವಿಧಿಯ ಮುಂದಿನ ಮಾತನ್ನು ಓದುವವರು ಕಡಿಮೆ: ಪ್ರತಿ ಸದಸ್ಯ ರಾಷ್ಟ್ರವೂ ತನಗೆ ಅಗತ್ಯವೆಂದು ತೋರುವ ಕ್ರಮವನ್ನು ಕೈಗೊಳ್ಳುತ್ತದೆ. ಸೈನ್ಯವನ್ನು ಕಳುಹಿಸಲೇಬೇಕೆಂಬ ಕಟ್ಟುಪಾಡು ಅಲ್ಲಿಲ್ಲ. ಹಾಗಿದ್ದರೂ ಈ ಕಾಗದಕ್ಕೆ ಬೆಲೆ ಬಂದಿರುವುದು, ಕೊಟ್ಟವರು ತೆರುತ್ತಾರೆಂಬ ನಂಬಿಕೆ ಪಡೆದವನಲ್ಲೂ ಅವನ ಶತ್ರುವಿನಲ್ಲೂ ಸಮನಾಗಿ ಇರುವುದರಿಂದ. ಆ ನಂಬಿಕೆ ಒಮ್ಮೆ ಒಂದೆಡೆ ಸುಳ್ಳಾದರೆ, ಎಸ್ಟೋನಿಯಾಕ್ಕೆ ಕೊಟ್ಟ ಕಾಗದಕ್ಕೂ ಪೋಲೆಂಡಿಗೆ ಕೊಟ್ಟ ಕಾಗದಕ್ಕೂ ಅದೇ ಕ್ಷಣದಲ್ಲಿ ಬೆಲೆ ಇಳಿಯುತ್ತದೆ.

ಆದುದರಿಂದಲೇ ಜಾಮೀನು ನಿಲ್ಲುವವನು ಸಹಿಗೆ ಮುನ್ನ ಆಸ್ತಿಯ ಹಕ್ಕುಪತ್ರವನ್ನು ನೋಡುತ್ತಾನೆ. ವ್ಯಾಜ್ಯ ನ್ಯಾಯಾಲಯದಲ್ಲಿರುವ ಫ್ಲ್ಯಾಟಿಗೆ ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ಕೊಳ್ಳುವವನು ಅಪ್ರಾಮಾಣಿಕನೆಂಬ ಸಂಶಯದಿಂದಲ್ಲ; ಯಾವ ಗೋಡೆಯವರೆಗೆ ಆತನ ಮನೆ ಎಂಬುದು ಇತ್ಯರ್ಥವಾಗದ ಕಾರಣ. ನ್ಯಾಟೋ ಕೂಡ ಈ ವಿವೇಕವನ್ನು ಒಮ್ಮೆ ಬರೆದಿಟ್ಟಿತ್ತು. ನೆರೆಯವರೊಡನೆ ನೆಲದ ವಿವಾದವಿರುವ ದೇಶಗಳು ಅದನ್ನು ಶಾಂತಿಯುತವಾಗಿ ಬಗೆಹರಿಸಿಕೊಳ್ಳಬೇಕು, ಆಹ್ವಾನ ನೀಡುವಾಗ ಅದನ್ನೂ ಪರಿಗಣಿಸಲಾಗುವುದು ಎಂದು 1995ರ ವಿಸ್ತರಣಾ ಅಧ್ಯಯನ ಸ್ಪಷ್ಟವಾಗಿ ಹೇಳಿತು. ಹದಿಮೂರು ವರ್ಷಗಳ ತರುವಾಯ ಬುಕಾರೆಸ್ಟ್‌ನಲ್ಲಿ ಆ ವಿವೇಕವನ್ನು ಬದಿಗಿಟ್ಟರು.

ಜಾರ್ಜಿಯಾದ ಹಕ್ಕುಪತ್ರದಲ್ಲಿ ಏನಿತ್ತೆಂಬುದು ಯಾರಿಗೂ ತಿಳಿಯದ ಸಂಗತಿಯಾಗಿರಲಿಲ್ಲ. ಅಬ್ಖಾಜಿಯಾ ಮತ್ತು ದಕ್ಷಿಣ ಒಸೆಟಿಯಾ ಪ್ರಾಂತಗಳು 1990ರ ದಶಕದ ಮೊದಲ ವರ್ಷಗಳಲ್ಲೇ ಟಿಬಿಲಿಸಿಯ ಹಿಡಿತದಿಂದ ಜಾರಿದ್ದವು. ಅಬ್ಖಾಜಿಯಾ ಒಂದರಿಂದಲೇ ಎರಡು ಲಕ್ಷಕ್ಕೂ ಹೆಚ್ಚು ಜಾರ್ಜಿಯನ್ನರು ಮನೆಮಠ ಬಿಟ್ಟು ಓಡಿಬಂದಿದ್ದರು. ಎರಡೂ ಕಡೆ ಶಾಂತಿಪಾಲಕರ ಹೆಸರಿನಲ್ಲಿ ರಷ್ಯದ ಸೈನಿಕರೇ ನಿಂತಿದ್ದರು. ಇದಕ್ಕೆ ಪ್ರತಿಯಾಗಿ ಜಾರ್ಜಿಯಾದ ಜನತೆ ಒಕ್ಕೂಟವನ್ನು ಮನಸಾರೆ ನಂಬಿತು. 2008ರ ಜನವರಿಯ ಜನಮತದಲ್ಲಿ ನೂರಕ್ಕೆ 77 ಮಂದಿ ನ್ಯಾಟೋ ಸೇರಬೇಕೆಂದು ಮತವಿತ್ತರು. ಆ ಆಗಸ್ಟ್‌ನಲ್ಲಿ ಯುದ್ಧ ಹೊತ್ತಿಕೊಂಡಾಗ ಆ ಸಣ್ಣ ದೇಶದ ಸುಮಾರು 2,000 ಸೈನಿಕರು ಇರಾಕ್‌ನಲ್ಲಿ ಅಮೆರಿಕದ ಜೊತೆಗಿದ್ದರು. ಅಮೆರಿಕದ ವಿಮಾನಗಳು ಅವರನ್ನು ಮನೆಗೆ ತಂದು ಇಳಿಸಿದವು. ಅಮೆರಿಕದ ಸೈನಿಕರು ಮಾತ್ರ ಅವರೊಡನೆ ರಣಕ್ಕಿಳಿಯಲಿಲ್ಲ. ಇಳಿಯುವ ಉದ್ದೇಶವೂ ಇರಲಿಲ್ಲ.

ಆಕ್ರಮಣದ ಪಾಪ ಆಕ್ರಮಣಕಾರನದೇ. ಆ ವಿಷಯದಲ್ಲಿ ಸಂಶಯ ಬೇಡ. ಆದರೆ ಪೊಳ್ಳು ಭರವಸೆ ಏನು ಮಾಡುತ್ತದೆ ಎಂಬುದನ್ನೂ ನೋಡಬೇಕು. ಐರೋಪ್ಯ ಒಕ್ಕೂಟ ನೇಮಿಸಿದ, ಹೈಡಿ ತಾಲ್ಯಾವಿನಿ ನೇತೃತ್ವದ ಸಮಿತಿ 2009ರ ಸೆಪ್ಟೆಂಬರ್‌ನಲ್ಲಿ ತನ್ನ ವರದಿ ಕೊಟ್ಟಿತು. ಅದರ ಪ್ರಕಾರ ಬಹಿರಂಗ ಯುದ್ಧ ಆರಂಭವಾದದ್ದು ಆಗಸ್ಟ್ 7ರ ರಾತ್ರಿ ತ್ಸ್ಖಿನ್ವಾಲಿ ಪಟ್ಟಣದ ಮೇಲೆ ಜಾರ್ಜಿಯಾ ನಡೆಸಿದ ಫಿರಂಗಿ ದಾಳಿಯಿಂದ; ಅದಕ್ಕೆ ಮುನ್ನ ವರ್ಷಗಳ ಪ್ರಚೋದನೆ ಇತ್ತು; ರಷ್ಯದ ಪ್ರತಿದಾಳಿ ಆತ್ಮರಕ್ಷಣೆಯ ಎಲ್ಲೆಯನ್ನು ಬಹುದೂರ ಮೀರಿತು. ಬೆನ್ನಿಗೆ ಯಾರೋ ಇದ್ದಾರೆಂಬ ಭಾವನೆ ದುರ್ಬಲನ ಎಚ್ಚರವನ್ನು ಕುಗ್ಗಿಸುತ್ತದೆ. ನಾಳೆ ಬರಬಹುದಾದ ರಕ್ಷಣೆಯ ಸುದ್ದಿ, ಅದು ಬರುವ ಮೊದಲೇ ಕೆಲಸ ಮುಗಿಸಬೇಕೆಂಬ ಅವಸರವನ್ನು ಬಲಿಷ್ಠನಲ್ಲಿ ಹುಟ್ಟಿಸುತ್ತದೆ. ಆ ವರ್ಷ ಆಗಸ್ಟ್ 26ರಂದು ರಷ್ಯ ಎರಡೂ ಪ್ರಾಂತಗಳನ್ನು ಸ್ವತಂತ್ರ ದೇಶಗಳೆಂದು ಮಾನ್ಯ ಮಾಡಿತು. ಜಾರ್ಜಿಯಾದ ಐದರಲ್ಲೊಂದು ಪಾಲು ನೆಲ ಇಂದಿಗೂ ಅದರ ಕೈಯಲ್ಲಿಲ್ಲ.

ಸದಸ್ಯತ್ವ ಕೊಟ್ಟೇಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರು ಪಕ್ಕದ ಅರ್ಮೇನಿಯಾವನ್ನು ನೋಡಲಿ. ಅದು ರಷ್ಯ ನೇತೃತ್ವದ ಸಾಮೂಹಿಕ ಭದ್ರತಾ ಒಪ್ಪಂದ ಸಂಘಟನೆಯ ಪೂರ್ಣ ಸದಸ್ಯ. ಆ ಒಪ್ಪಂದದ ನಾಲ್ಕನೆಯ ವಿಧಿಯೂ ಒಬ್ಬರ ಮೇಲಿನ ಆಕ್ರಮಣ ಎಲ್ಲರ ಮೇಲಿನದೆಂದೇ ಹೇಳುತ್ತದೆ. 2020ರಲ್ಲಿ ನಾಗೊರ್ನೊ ಕರಾಬಖ್‌ಗಾಗಿ ಯುದ್ಧ ನಡೆದಾಗ, ಅದು ಅರ್ಮೇನಿಯಾದ ಅಧಿಕೃತ ನೆಲವಲ್ಲ ಎಂಬ ನೆಪ ಸಿಕ್ಕಿತು. 2022ರ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್ ಪಡೆಗಳು ಅರ್ಮೇನಿಯಾದ ಸ್ವಂತ ನೆಲದ ಮೇಲೆಯೇ ದಾಳಿ ಮಾಡಿದವು. ಯೆರೆವಾನ್ ನಾಲ್ಕನೆಯ ವಿಧಿಯನ್ನು ಮುಂದಿಟ್ಟು ನೆರವು ಬೇಡಿತು. ಒಕ್ಕೂಟ ಕಳುಹಿಸಿದ್ದು ಸೈನ್ಯವನ್ನಲ್ಲ, ಪರಿಸ್ಥಿತಿಯನ್ನು ಪರಿಶೀಲಿಸುವ ಒಂದು ನಿಯೋಗವನ್ನು. ಮರುವರ್ಷ ಕರಾಬಖ್‌ನ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಊರು ತೊರೆದರು. 2024ರಲ್ಲಿ ಪ್ರಧಾನಿ ನಿಕೊಲ್ ಪಶಿನ್ಯಾನ್ ಆ ಒಕ್ಕೂಟದಲ್ಲಿನ ತಮ್ಮ ಪಾಲ್ಗೊಳ್ಳುವಿಕೆಯನ್ನು ಸ್ಥಗಿತಗೊಳಿಸಿರುವುದಾಗಿ ಸಾರಿದರು. ಇದ್ದ ಸದಸ್ಯತ್ವವೂ ಹೀಗೆ ಮೂಗಿಗೆ ಸವರಿದ ತುಪ್ಪವೇ ಆಯಿತು.

ಭಾರತದ ಓದುಗರಿಗೆ ಇನ್ನೂ ಹತ್ತಿರದ ನಿದರ್ಶನವೊಂದಿದೆ. ಕಾಶ್ಮೀರದ ವಿವಾದವನ್ನು ಹೊತ್ತುಕೊಂಡೇ ಪಾಕಿಸ್ತಾನ 1954ರಲ್ಲಿ ಆಗ್ನೇಯ ಏಷ್ಯಾ ಒಪ್ಪಂದ ಸಂಘಟನೆಯನ್ನು ಸೇರಿತು. ಅದು ಸಣ್ಣ ದೇಶವಲ್ಲ. ಆದರೆ ಪಾಠ ಒಂದೇ. ಒಪ್ಪಂದಕ್ಕೆ ಸಹಿ ಹಾಕುವಾಗಲೇ ಅಮೆರಿಕ, ತನ್ನ ಹೊಣೆ ಕಮ್ಯುನಿಸ್ಟ್ ಆಕ್ರಮಣಕ್ಕೆ ಮಾತ್ರ ಅನ್ವಯಿಸುತ್ತದೆ ಎಂದು ಬರೆಸಿತು. 1965ರಲ್ಲಿ ಯುದ್ಧವಾದಾಗ ಅದೇ ಅಮೆರಿಕ ಎರಡೂ ದೇಶಗಳಿಗೆ ಶಸ್ತ್ರ ಪೂರೈಕೆಯನ್ನು ನಿಲ್ಲಿಸಿತು. 1971ರಲ್ಲೂ ಒಕ್ಕೂಟ ಕದಲಲಿಲ್ಲ. ಬಾಂಗ್ಲಾದೇಶ ಕೈತಪ್ಪಿದ ಮೇಲೆ ಪಾಕಿಸ್ತಾನ ಅಲ್ಲಿಂದ ಹೊರನಡೆಯಿತು. ಜಾಮೀನುದಾರ ಕಾಗದದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಏನು ಬರೆದಿದ್ದಾನೆ ಎಂಬುದನ್ನು ಆಪತ್ತು ಬಂದ ಮೇಲೆ ಓದಿ ಫಲವಿಲ್ಲ.

ಎದುರುವಾದಿಗಳ ಅತ್ಯಂತ ಬಲವಾದ ಮಾತು ಇದು: ವಿವಾದವಿದ್ದವರಿಗೆ ಪ್ರವೇಶವಿಲ್ಲವೆಂದರೆ, ವಿವಾದವನ್ನು ಸೃಷ್ಟಿಸುವ ನೆರೆಯವನ ಕೈಗೇ ಬೀಗದ ಕೈ ಕೊಟ್ಟಂತಾಗುವುದಿಲ್ಲವೇ? ಇಬ್ಭಾಗವಾಗಿದ್ದ ಜರ್ಮನಿಯ ಪಶ್ಚಿಮ ಭಾಗವನ್ನು 1955ರಲ್ಲಿ ಸೇರಿಸಿಕೊಳ್ಳಲಿಲ್ಲವೇ? ಸೇರಿಸಿಕೊಂಡದ್ದು ನಿಜ. ಆದರೆ ಅದಕ್ಕೆ ಮೊದಲೇ ಪಶ್ಚಿಮ ಜರ್ಮನಿ, ಏಕೀಕರಣಕ್ಕಾಗಲಿ ಗಡಿ ಬದಲಿಸುವುದಕ್ಕಾಗಲಿ ಎಂದೂ ಬಲಪ್ರಯೋಗ ಮಾಡುವುದಿಲ್ಲವೆಂದು 1954ರಲ್ಲಿ ಮಾತು ಕೊಟ್ಟಿತ್ತು. ಅದಕ್ಕಿಂತ ಮುಖ್ಯವಾಗಿ, ಅಮೆರಿಕ, ಬ್ರಿಟನ್ ಮತ್ತು ಫ್ರಾನ್ಸಿನ ಲಕ್ಷಾಂತರ ಸೈನಿಕರು ಅದಾಗಲೇ ಅದರ ನೆಲದ ಮೇಲಿದ್ದರು. ಅಲ್ಲಿ ಹಣ ಮೊದಲು ಕಟ್ಟಿ, ರಸೀದಿ ಆಮೇಲೆ ಬರೆದದ್ದು. ಜಾರ್ಜಿಯಾ ಬಲಪ್ರಯೋಗ ಮಾಡುವುದಿಲ್ಲವೆಂಬ ಮಾತನ್ನು 2010ರಲ್ಲಿ ಕೊಟ್ಟಿತು. ಸೈನಿಕರನ್ನು ಅಲ್ಲಿ ನೆಲೆಗೊಳಿಸಲು ಮಾತ್ರ ಯಾವ ಸದಸ್ಯ ರಾಷ್ಟ್ರವೂ ಮುಂದೆ ಬರಲಿಲ್ಲ. ಬೀಗದ ಕೈ ನೆರೆಯವನಲ್ಲಿರುವುದು ನಿಯಮದಿಂದಲ್ಲ, ಒಕ್ಕೂಟದವರು ಆ ನೆಲಕ್ಕಾಗಿ ಸಾಯಲು ಸಿದ್ಧರಿಲ್ಲದಿರುವುದರಿಂದ. ಅದನ್ನು ಅವನು ಬಲ್ಲ. ಬಲ್ಲವನ ಮುಂದೆ ನಟಿಸಿ ಯಾರನ್ನೂ ರಕ್ಷಿಸಲಾಗದು.

ವಿವಾದಿತ ಪ್ರಾಂತಗಳನ್ನು ಐದನೆಯ ವಿಧಿಯಿಂದ ಹೊರಗಿಟ್ಟು ಉಳಿದ ಜಾರ್ಜಿಯಾವನ್ನು ಸೇರಿಸಬಹುದೆಂಬ ಸೂಚನೆಯನ್ನು ನ್ಯಾಟೋದ ಮಾಜಿ ಮಹಾಕಾರ್ಯದರ್ಶಿ ಆಂಡರ್ಸ್ ಫೋಗ್ ರಾಸ್ಮುಸೆನ್ 2019ರಲ್ಲಿ ಮುಂದಿಟ್ಟರು. ಕಾಗದದ ಮೇಲೆ ಇದು ಜಾಣ ಉಪಾಯ. ಆದರೆ ದಕ್ಷಿಣ ಒಸೆಟಿಯಾದ ಸುತ್ತಲಿನ ಗೆರೆ ಎರಡೂ ಕಡೆಯವರು ಒಪ್ಪಿದ ಗಡಿಯಲ್ಲ. ಮುಳ್ಳುತಂತಿಯ ಬೇಲಿ ಹಳ್ಳಿಗರ ಹೊಲ, ಹಿತ್ತಿಲುಗಳನ್ನು ಸೀಳಿ ಮುಂದೆ ಸರಿದ ಉದಾಹರಣೆಗಳಿವೆ. ಬೇಲಿಯ ಗೂಟ ಒಂದು ಮಾರು ಈಚೆಗೆ ಬಂದರೆ ಅದು ಒಕ್ಕೂಟದ ಮೇಲಿನ ದಾಳಿಯೇ, ಅಲ್ಲವೇ? ಇದಕ್ಕೆ ಉತ್ತರ ಹೇಳಲಾಗದವರು ಸಹಿ ಹಾಕಬಾರದು.

ಹಾಗಾದರೆ ಸಣ್ಣ ದೇಶಗಳು ತಮ್ಮ ಪಾಡು ತಾವು ನೋಡಿಕೊಳ್ಳಲಿ, ತಟಸ್ಥವಾಗಿರಲಿ ಎಂದು ಕೈತೊಳೆದುಕೊಳ್ಳುವುದೂ ಸಲ್ಲದು. ಮಾಲ್ಡೋವಾ 1994ರ ಸಂವಿಧಾನದಲ್ಲೇ ತಾಟಸ್ಥ್ಯವನ್ನು ಬರೆದುಕೊಂಡಿದೆ. ರಷ್ಯದ ಸೈನಿಕರು ಅದರ ಟ್ರಾನ್ಸ್‌ನಿಸ್ಟ್ರಿಯಾದಿಂದ ಇಂದಿಗೂ ಕದಲಿಲ್ಲ. ತಾಟಸ್ಥ್ಯ ಮಂತ್ರವಲ್ಲ. ಸಣ್ಣ ದೇಶಕ್ಕೆ ಕೊಡಬೇಕಾದುದು ನಾಳೆಯ ವಾಗ್ದಾನವನ್ನಲ್ಲ, ಇಂದೇ ಕೈಗೆ ಸಿಗುವ ವಸ್ತುವನ್ನು: ಶಸ್ತ್ರ, ತರಬೇತಿ, ಸಾಲ, ಮಾರುಕಟ್ಟೆ. 2022ರ ಫೆಬ್ರವರಿಯಲ್ಲಿ ಕೀವ್ ನಗರವನ್ನು ಉಳಿಸಿದ್ದು 1994ರ ಬುಡಾಪೆಸ್ಟ್ ಭರವಸೆಪತ್ರವೂ ಅಲ್ಲ, 2008ರ ಬುಕಾರೆಸ್ಟ್ ಘೋಷಣೆಯೂ ಅಲ್ಲ. ಉಕ್ರೇನಿನ ಸ್ವಂತ ಸೈನಿಕರು ಮತ್ತು ಅವರ ಕೈಗೆ ನಿಜವಾಗಿ ತಲುಪಿದ ಆಯುಧಗಳು. ಒಕ್ಕೂಟದಿಂದ ವಂಚಿತವಾದ ಅರ್ಮೇನಿಯಾ ಇಂದು ಭಾರತದಿಂದ ಪಿನಾಕ ರಾಕೆಟ್ ವ್ಯವಸ್ಥೆಯನ್ನು ಕೊಂಡಿದೆ. ಭಾರತ ಅದಕ್ಕೆ ಯಾವ ಜಾಮೀನನ್ನೂ ಕೊಟ್ಟಿಲ್ಲ, ಸರಕು ಕೊಟ್ಟಿದೆ.

ಇಲ್ಲ ಎಂದು ಹೇಳುವುದಕ್ಕೂ ಧೈರ್ಯ ಬೇಕು. ಸ್ಪಷ್ಟವಾದ ಇಲ್ಲವನ್ನು ಕೇಳಿದ ದೇಶ ತನ್ನ ಸೇನೆಯನ್ನು, ತನ್ನ ಸಂಧಾನವನ್ನು, ತನ್ನ ವ್ಯಾಪಾರವನ್ನು ಇರುವ ಬಲಕ್ಕೆ ಹೊಂದಿಸಿಕೊಳ್ಳುತ್ತದೆ. ಅಸ್ಪಷ್ಟವಾದ ಹೌದನ್ನು ಕೇಳಿದ ದೇಶ ಇಲ್ಲದ ಬಲವನ್ನು ಲೆಕ್ಕಕ್ಕೆ ಹಿಡಿದು ನಡೆಯುತ್ತದೆ. ಲೆಕ್ಕ ತಪ್ಪಿದ ದಿನ ಬುಕಾರೆಸ್ಟ್‌ನಲ್ಲಿ ಸಹಿ ಹಾಕಿದ ಯಾರೂ ಮನೆ ಬಿಟ್ಟು ಓಡಬೇಕಾಗಲಿಲ್ಲ. ಓಡಿದವರು ತ್ಸ್ಖಿನ್ವಾಲಿಯವರು, ಗೋರಿಯ ಸುತ್ತಲಿನ ಹಳ್ಳಿಗರು. ಅವರಲ್ಲಿ ಅನೇಕರು ಇನ್ನೂ ಹಿಂದಿರುಗಿಲ್ಲ.