ರೈತಸಂಘವೂ ರಾಜಕೀಯ ಪಕ್ಷಗಳೂ

ರೈತಸಂಘಗಳು ರಾಜಕೀಯದಿಂದ ದೂರವಿರತಕ್ಕದ್ದೆಂದು ಕೆಲವು ಮಹನೀಯರು ಆಗಾಗ್ಗೆ ಬೋಧಿಸುವುದುಂಟು. ಈ ಬೋಧನೆಯು ನಮಗೆ ಎಳ್ಳಷ್ಟೂ ಸಮ್ಮತವಲ್ಲ. ಚುನಾವಣೆಯು ಸಮೀಪಿಸಿದೊಡನೆ ಹಸುರು ಶಾಲನ್ನು ಹೊದ್ದು ಹಳ್ಳಿಗೆ ಬರುವವರೇ ಇಂತಹ ಉಪದೇಶದಲ್ಲಿ ಅಗ್ರೇಸರರೆಂಬುದನ್ನು ವಾಚಕರು ಬಲ್ಲರು.

1951ರಲ್ಲಿ ಸಾಗರ ಸೀಮೆಯ ಕಾಗೋಡಿನ ಗೇಣಿದಾರರು, ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಅನ್ಯಾಯವನ್ನು ಸಹಿಸಲಾರದೆ ಎದ್ದು ನಿಂತರು. ಎಚ್. ಗಣಪತಿಯಪ್ಪನವರು ಮೊದಲೇ ಕಟ್ಟಿದ್ದ ರೈತಸಂಘವಿಲ್ಲದಿದ್ದರೆ ಸಮಾಜವಾದಿ ಪಕ್ಷಕ್ಕೆ ಅಲ್ಲಿ ಕಾಲೂರಲು ಎಡೆಯಿರುತ್ತಿರಲಿಲ್ಲ. ಪಕ್ಷವು ಬಾರದಿದ್ದರೋ, ಒಂದು ಹಳ್ಳಿಯ ವ್ಯಾಜ್ಯಕ್ಕಾಗಿ ರಾಮಮನೋಹರ ಲೋಹಿಯಾ ಅವರು ಅಷ್ಟು ದೂರ ಬಂದು ಸೆರೆಯಾಗುತ್ತಿರಲಿಲ್ಲ. 1952ರಲ್ಲಿ ಶಾಂತವೇರಿ ಗೋಪಾಲಗೌಡರು ಗೇಣಿದಾರನ ಅಳಲನ್ನು ಶಾಸನಸಭೆಗೆ ಒಯ್ಯುತ್ತಿರಲಿಲ್ಲ. ಗೇಣಿಭೂಮಿಯು ಸರಕಾರದಲ್ಲಿ ನಿಹಿತವಾದದ್ದು 1974ರ ಮಾರ್ಚ್ 1ರಂದು, ಅದೂ ದೇವರಾಜ ಅರಸರ ಕಾಂಗ್ರೆಸ್ ಆಡಳಿತದಲ್ಲಿ. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು ಎಂದು ಕೊರಗುವವರು ಕೊರಗಲಿ. ಉಳುವವನಿಗೆ ನೆಲ ದೊರೆತುದನ್ನು ನಾವು ಅಲ್ಪವೆಂದೆಣಿಸಲಾರೆವು.

ಮಲಪ್ರಭೆಯ ಸೀಮೆಯಲ್ಲಿ ನಡೆದುದು ಬೇರೆ. ನೀರಾವರಿಯ ಹೆಸರಿನಲ್ಲಿ ಹೇರಿದ ಅಭಿವೃದ್ಧಿ ಕರವನ್ನು ವಿರೋಧಿಸಿದ ರೈತರ ಮೇಲೆ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು, ಪ್ರಾಣಗಳು ಹೋದವು. ಆ ಕ್ರೋಧವು ಗುಂಡೂರಾಯರ ಸರಕಾರದ ಬುಡವನ್ನು ಅಲುಗಿಸಿತು. 1983ರಲ್ಲಿ ಜನತಾ ಪಕ್ಷವು ಗದ್ದುಗೆಯನ್ನೇರಿತು. ಅದೇ ಕಾಲದಲ್ಲಿ ಹುಟ್ಟಿದ ರಾಜ್ಯ ರೈತಸಂಘವಾದರೋ ಸಾಲ ಮತ್ತು ಬೆಲೆಗಳ ಹಳೆಯ ಅಹವಾಲನ್ನು ಹಿಡಿದು ಹೊಸ ಬಾಗಿಲಿನಲ್ಲಿ ನಿಲ್ಲಬೇಕಾಯಿತು.

ಹೀಗಿರಲು ಸಂಘವು ತಾನೇ ಚುನಾವಣೆಗೆ ಇಳಿದುದರಲ್ಲಿ ತಪ್ಪೇನು? 1989ರಲ್ಲಿ ಬಾಬಾಗೌಡ ಪಾಟೀಲರು ವಿಧಾನಸಭೆಗೆ ಗೆದ್ದರು. ಅನಂತರ ಪ್ರೊಫೆಸರ್ ನಂಜುಂಡಸ್ವಾಮಿಯವರೂ ಅಲ್ಲಿಗೆ ಹೋದರು. ಆದರೆ 1998ರಲ್ಲಿ ಅದೇ ಪಾಟೀಲರು ಭಾರತೀಯ ಜನತಾ ಪಕ್ಷದಿಂದ ಲೋಕಸಭೆಯನ್ನು ಪ್ರವೇಶಿಸಿ ಕೇಂದ್ರದಲ್ಲಿ ಮಂತ್ರಿಗಳಾದರು. ವ್ಯಕ್ತಿದೂಷಣೆ ನಮ್ಮ ಉದ್ದೇಶವಲ್ಲ; ಮುಂದಾಳು ಹೊಳೆಯನ್ನು ದಾಟಿದನು, ಹಳ್ಳಿಯು ದಡದಲ್ಲಿಯೇ ಉಳಿಯಿತು ಎಂಬುದಷ್ಟೇ ನಮ್ಮ ವ್ಯಥೆ. ಅವನನ್ನು ಹಿಂದಕ್ಕೆ ಕರೆಯುವ ಅಧಿಕಾರವನ್ನು ಹಳ್ಳಿಯು ಎಂದೂ ತನ್ನಲ್ಲಿ ಇರಿಸಿಕೊಂಡಿರಲಿಲ್ಲ. ಕೆ. ಎಸ್. ಪುಟ್ಟಣ್ಣಯ್ಯನವರು 2013ರಲ್ಲಿ ಮೇಲುಕೋಟೆಯಿಂದ ಸಂಘದ ಬಲದ ಮೇಲೆಯೇ ಗೆದ್ದುಬಂದರೆಂಬುದು ನಿಜ; ಒಂದು ಕ್ಷೇತ್ರದ ಆ ಭಾಗ್ಯವನ್ನು ನಾಡಿನ ನಿಯಮವೆಂದು ಹೇಗೆ ಹೇಳೋಣ?

ಆದಕಾರಣ ಪಕ್ಷಗಳೊಡನೆ ಮಾತುಕತೆಗೆ ಕೂರುವ ಮುನ್ನ ಗ್ರಾಮಶಾಖೆಗಳು ಸಭೆ ಸೇರಲಿ. ಅಭ್ಯರ್ಥಿಯ ಹೆಸರನ್ನು ಅವೇ ಸೂಚಿಸಲಿ. ಗೆದ್ದವನು ವರ್ಷಕ್ಕೊಮ್ಮೆ ಅದೇ ಜಗಲಿಗೆ ಬಂದು ಲೆಕ್ಕವನ್ನೊಪ್ಪಿಸಲಿ. ಇದಕ್ಕೆ ಒಪ್ಪದ ಪಕ್ಷಕ್ಕೆ ಹಸುರು ಶಾಲನ್ನು ಹೊದಿಸುವ ಅಗತ್ಯವೇನಿದೆ?